ತೊತ್ತು, ಜೀತ ಮತ್ತು ಹೆಣ್ಣು: ಕನ್ನಡ ಐತಿಹಾಸಿಕ ಕಾದಂಬರಿಯ ಒಂದು ಮೌನ

೧

ಕನ್ನಡದ ಐತಿಹಾಸಿಕ ಕಾದಂಬರಿಗೆ ಈಗ ನೂರು ವರ್ಷಗಳಿಗೂ ಮಿಗಿಲಾದ ಪರಂಪರೆಯಿದೆ. ಗಳಗನಾಥರಿಂದ ಆರಂಭಿಸಿ ಅ.ನ.ಕೃ., ಮಾಸ್ತಿ, ಕೆ.ವಿ. ಅಯ್ಯರ್, ನಿರಂಜನ, ತ.ರಾ.ಸು. ಮೊದಲಾದವರ ಕೈಯಲ್ಲಿ ಈ ಪ್ರಕಾರ ಹಲವು ತಿರುವುಗಳನ್ನು ಪಡೆದಿದೆ. ನಾಡಿನ ಗತವೈಭವದ ಸ್ಮರಣೆ, ಏಕೀಕರಣದ ಹಂಬಲ, ವಸಾಹತುಶಾಹಿಯ ವಿರುದ್ಧದ ಆತ್ಮಪ್ರತ್ಯಯ, ಅಧಿಕಾರದ ಏಳುಬೀಳುಗಳ ಚಿಂತನೆ, ಇವೆಲ್ಲವೂ ಈ ಕಾದಂಬರಿಗಳ ಹಿಂದಿನ ಪ್ರೇರಣೆಗಳಾಗಿವೆ. ಆದರೆ ಒಂದು ಪ್ರಶ್ನೆಯನ್ನು ಈ ಪರಂಪರೆಯ ಮುಂದಿಟ್ಟಾಗ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಮನುಷ್ಯರನ್ನು ಮನುಷ್ಯರು ಸ್ವತ್ತಾಗಿ ಇಟ್ಟುಕೊಂಡಿದ್ದ ವ್ಯವಸ್ಥೆಯನ್ನು, ಅದು ಕರಗಿದ ಅಥವಾ ಕರಗದೆ ಉಳಿದ ಬಗೆಯನ್ನು, ಅದರೊಳಗೆ ಹೆಣ್ಣು ಬದುಕಿದ ರೀತಿಯನ್ನು ಕೇಂದ್ರವಾಗಿ ಉಳ್ಳ ಐತಿಹಾಸಿಕ ಕಾದಂಬರಿ ಕನ್ನಡದಲ್ಲಿ ಯಾವುದು?

ಈ ಪ್ರಶ್ನೆಗೆ ಎರಡು ಉತ್ತರಗಳು ಸಾಧ್ಯ. ಅಂಥ ಕಾದಂಬರಿ ಇಲ್ಲ ಎಂಬುದು ಮೊದಲನೆಯದು. ಇದೆ, ಆದರೆ ಅದನ್ನು ನಾವು ಐತಿಹಾಸಿಕ ಕಾದಂಬರಿ ಎಂದು ಕರೆದಿಲ್ಲ ಎಂಬುದು ಎರಡನೆಯದು. ಪ್ರಸ್ತುತ ಪ್ರಬಂಧ ಎರಡನೆಯ ಉತ್ತರದ ಪರವಾಗಿ ವಾದಿಸುತ್ತದೆ. ಕೋಟೆ ಮತ್ತು ಸಿಂಹಾಸನಗಳನ್ನು ಕೇಂದ್ರವಾಗಿಸಿಕೊಂಡ ಕಾದಂಬರಿಗಳು ದಾಸ್ಯವನ್ನು ಯುದ್ಧದ ಒಂದು ಅಪಘಾತವಾಗಿ ಮಾತ್ರ ಕಂಡವು. ಅದರ ನಿಜವಾದ ಚರಿತ್ರೆ ದಾಖಲಾದದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಮತ್ತು ಶಿವರಾಮ ಕಾರಂತರ ‘ಚೋಮನ ದುಡಿ’ (೧೯೩೩) ಎಂಬ ಕೃತಿಗಳಲ್ಲಿ. ವಿಮರ್ಶೆ ಇವನ್ನು ಪ್ರಾದೇಶಿಕ ಕಾದಂಬರಿ, ಸಾಮಾಜಿಕ ಕಾದಂಬರಿ ಎಂಬ ಕೋಣೆಗಳಲ್ಲಿಟ್ಟುದರಿಂದ ಇವುಗಳ ಚಾರಿತ್ರಿಕ ಸಾಕ್ಷ್ಯಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ.

೨

ಈ ಮಾತನ್ನು ಒಂದು ನಿರ್ದಿಷ್ಟ ನೆಲದಿಂದ ಆರಂಭಿಸುವುದು ಉಚಿತ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಇಂದು ಒಂದು ಹೋಬಳಿ ಕೇಂದ್ರ. ಗುಡ್ಡದ ಮೇಲಿನ ಕೋಟೆ ಅದರ ಹಿಂದಿನ ಪ್ರಾಮುಖ್ಯಕ್ಕೆ ಸಾಕ್ಷಿ. ಮುಂದೆ ಸಂತೆಬೆನ್ನೂರು, ತರೀಕೆರೆಗಳಿಗೆ ಸರಿದ ಪಾಳೆಯಗಾರ ಮನೆತನದ ಮೂಲನೆಲೆ ಇದು. ೧೭ನೆಯ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನ ದಾಳಿಗೆ ಈಡಾಯಿತು. ೧೬೮೭ರ ತರುವಾಯ ಮೊಗಲರು ಸಿರಾ ಪ್ರಾಂತವನ್ನು ರಚಿಸಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದಾಗಿತ್ತು. ಒಂದು ದಿಕ್ಕಿನಲ್ಲಿ ಇಕ್ಕೇರಿ, ಇನ್ನೊಂದು ದಿಕ್ಕಿನಲ್ಲಿ ಚಿತ್ರದುರ್ಗ, ಬಳಿಕ ಮರಾಠರು ಮತ್ತು ಹೈದರಾಲಿ, ಹೀಗೆ ಎಲ್ಲರ ದಂಡೂ ಹಾದುಹೋದ ದಾರಿ ಈ ಸೀಮೆಯದು.

ದಂಡು ಹಾದುಹೋದ ನೆಲದಲ್ಲಿ ವೀರಗಲ್ಲುಗಳು ಹೆಚ್ಚು. ಬಿ.ಎಲ್. ರೈಸ್ ಅವರು ೨೦ನೆಯ ಶತಮಾನದ ಆರಂಭದಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳೂ ಹನ್ನೊಂದನೆಯ ಸಂಪುಟದಲ್ಲಿ ಜಗಳೂರು ಸೀಮೆಯ ಶಾಸನಗಳೂ ಸೇರಿವೆ. ಕನ್ನಡ ವೀರಗಲ್ಲುಗಳು ವೀರನ ಮರಣಕ್ಕೆ ಕೊಡುವ ಕಾರಣಗಳಲ್ಲಿ ಮೂರು ಮತ್ತೆ ಮತ್ತೆ ಬರುತ್ತವೆ: ತುರುಗೋಳ್, ಊರಳಿವು ಮತ್ತು ಪೆಣ್ಬುಯ್ಯಲ್. ದನಗಳ ಅಪಹರಣ, ಊರಿನ ನಾಶ, ಹೆಣ್ಣುಗಳ ಅಪಹರಣ ಎಂದು ಇವನ್ನು ಅರ್ಥೈಸಲಾಗುತ್ತದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (೧೯೬೬) ಮತ್ತು ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ (೧೯೮೨) ಈ ಸಾಮಗ್ರಿಯ ಮಹತ್ವವನ್ನು ವಿದ್ವತ್‌ಲೋಕಕ್ಕೆ ಮನಗಾಣಿಸಿದ ಗ್ರಂಥಗಳು.

ಪೆಣ್ಬುಯ್ಯಲ್ ಎಂಬ ಪದವನ್ನು ಇಲ್ಲಿ ತುಸು ನಿಧಾನವಾಗಿ ನೋಡಬೇಕು. ಪುಯ್ಯಲ್ ಎಂದರೆ ಕೂಗು, ಮೊರೆ, ಗೋಳು. ತುರುಗೋಳ್ ಎಂಬಲ್ಲಿ ‘ಕೊಳ್ಳುವಿಕೆ’ ಇದೆ. ಅದು ದಾಳಿಕಾರನ ಕ್ರಿಯೆ. ಊರಳಿವು ಎಂಬಲ್ಲಿ ‘ಅಳಿವು’ ಇದೆ; ಅದು ಕ್ರಿಯೆಯ ಫಲ. ಆದರೆ ಪೆಣ್ಬುಯ್ಯಲ್ ಎಂಬಲ್ಲಿ ಇರುವುದು ಸೆರೆಯಾಗುತ್ತಿರುವವಳ ದನಿ. ಭಾಷೆ ತನಗೆ ಅರಿವಿಲ್ಲದಂತೆಯೇ ಆ ಕೂಗನ್ನು ಪದದೊಳಗೆ ಕಾಪಾಡಿಕೊಂಡಿದೆ. ಕಲ್ಲು ಮಾತ್ರ ಸಾಮಾನ್ಯವಾಗಿ ವೀರನದು. ಕೆಳಗಿನ ಹಂತದಲ್ಲಿ ಅವನ ಹೋರಾಟ, ನಡುವೆ ಅಪ್ಸರೆಯರೊಡನೆ ಅವನ ಸ್ವರ್ಗಾರೋಹಣ, ಮೇಲೆ ಶಿವಸಾನ್ನಿಧ್ಯ. ಯಾರ ಕೂಗಿಗಾಗಿ ಅವನು ಸತ್ತನೋ ಆಕೆ ಬಿಡುಗಡೆಯಾದಳೇ, ಒಯ್ಯಲ್ಪಟ್ಟಳೇ, ಒಯ್ದ ಮೇಲೆ ಯಾರ ಮನೆಯ ತೊತ್ತಾದಳು ಎಂಬುದು ಕಲ್ಲಿನ ಕಾಳಜಿಯಲ್ಲ. ತುರು, ಊರು, ಹೆಣ್ಣು ಮೂರೂ ಒಂದೇ ಸಾಲಿನಲ್ಲಿ ನಿಲ್ಲುವುದು, ಮೂರನ್ನೂ ಒಯ್ಯಬಹುದಾದ ಅಥವಾ ಅಳಿಸಬಹುದಾದ ಸಂಪತ್ತೆಂದು ಆ ಸಮಾಜ ಬಗೆದಿತ್ತೆಂಬುದನ್ನು ತೋರಿಸುತ್ತದೆ.

ಇದೇ ಸೀಮೆಯ ಚನ್ನಗಿರಿ ಎಂಬ ಹೆಸರು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂದದ್ದೆಂಬ ಪ್ರತೀತಿಯಿದೆ. ರಾಣಿಯ ಹೆಸರು ಊರಾಗಿ ಉಳಿಯಿತು. ಸೆರೆಯಾದವಳ ಕೂಗು ಸಾಮಾನ್ಯನಾಮವಾಗಿ ಉಳಿಯಿತು. ಮಹಿಳಾ ಚರಿತ್ರೆಯೆಂದರೆ ರಾಣಿಯರ ಚರಿತ್ರೆ ಎಂದು ತಿಳಿದುಕೊಂಡಷ್ಟು ಕಾಲ ಈ ಅಂತರ ನಮ್ಮ ಗಮನಕ್ಕೆ ಬರುವುದಿಲ್ಲ.

೩

ಹೆಸರುಳ್ಳ ತೊತ್ತು ಕನ್ನಡ ನಾಡಿನ ಚರಿತ್ರೆಯಲ್ಲಿ ಇಲ್ಲವೇ ಇಲ್ಲವೆಂದಲ್ಲ. ಆದರೆ ಆಕೆಯ ಹೆಸರು ದೊರೆತದ್ದು ಕನ್ನಡದ ಕಲ್ಲಿನಲ್ಲಲ್ಲ, ಈಜಿಪ್ಟಿನ ಕೈರೋ ನಗರದ ಯೆಹೂದಿ ಪ್ರಾರ್ಥನಾಮಂದಿರದಲ್ಲಿ ಸಂಗ್ರಹವಾಗಿದ್ದ ಹಳೆಯ ಕಾಗದಗಳಲ್ಲಿ. ೧೨ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ ೧೧೩೨ರ ಅಕ್ಟೋಬರಿನಲ್ಲಿ ಅಶು ಎಂಬ ದಾಸಿಯನ್ನು ವಿಮೋಚನೆಗೊಳಿಸಿದ ಪತ್ರ ಆ ಸಂಗ್ರಹದಲ್ಲಿದೆ. ಆಕೆ ಮುಂದೆ ಅವನ ಮಕ್ಕಳ ತಾಯಿಯಾದಳು. ಅವನ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ದಾಸನ ಜಾಡು ಹಿಡಿದು ಹೊರಟ ಅಮಿತಾವ ಘೋಷ್ ‘ಇನ್ ಆನ್ ಆಂಟಿಕ್ ಲ್ಯಾಂಡ್’ (೧೯೯೨) ಎಂಬ ಕೃತಿಯನ್ನು ರಚಿಸಿದರು. ಆ ದಾಸನ ಹೆಸರನ್ನು ‘ಬೊಮ್ಮ’ ಎಂದು ಓದುವಲ್ಲಿ ಅವರಿಗೆ ನೆರವಾದವರು ಪ್ರೊ. ಬಿ.ಎ. ವಿವೇಕ ರೈ.

ಈ ವಿಮೋಚನಾಪತ್ರದ ಕಾಲ ಕಲ್ಯಾಣದಲ್ಲಿ ವಚನ ಚಳವಳಿ ರೂಪುಗೊಂಡ ಶತಮಾನವೇ ಆಗಿದೆ ಎಂಬುದು ಗಮನಾರ್ಹ. ಉಚ್ಚಕುಲದಲ್ಲಿ ಹುಟ್ಟಿದ ಬಸವಣ್ಣನವರು ತಮ್ಮನ್ನು ತೊತ್ತಿನ ಮನೆಯವನೆಂದು ಕರೆದುಕೊಂಡದ್ದು ಭಕ್ತಿಯ ವಿನಯವಷ್ಟೇ ಅಲ್ಲ. ಹುಟ್ಟಿನಿಂದ ಬರುವ ಮಾನವನ್ನು ಕಳಚಿಹಾಕುವ ಸಾಮಾಜಿಕ ಕ್ರಿಯೆಯೂ ಹೌದು. ಆದರೆ ರೂಪಕವಾದ ತೊತ್ತಿಗೂ ವಾಸ್ತವದ ತೊತ್ತಿಗೂ ನಡುವೆ ಒಂದು ಅಂತರ ಉಳಿದೇ ಉಳಿಯುತ್ತದೆ. ದಾಸ್ಯವನ್ನು ಆಯ್ದುಕೊಳ್ಳಬಲ್ಲವನಿಗೆ ಅದು ಬಿಡುಗಡೆಯ ದಾರಿ. ಆಯ್ಕೆಯೇ ಇಲ್ಲದವಳಿಗೆ ಅದು ದಿನನಿತ್ಯದ ದುಡಿಮೆ. ನಮ್ಮ ಸಾಹಿತ್ಯ ಚರಿತ್ರೆ ಮೊದಲನೆಯದನ್ನು ಕುರಿತು ಧಾರಾಳವಾಗಿ ಬರೆದಿದೆ.

೪

ಇನ್ನು ಕೋಟೆಗಳ ಕಾದಂಬರಿಗೆ ಬರೋಣ. ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳು, ಅವುಗಳಲ್ಲಿಯೂ ‘ದುರ್ಗಾಸ್ತಮಾನ’ (೧೯೮೨), ಕನ್ನಡ ಐತಿಹಾಸಿಕ ಕಾದಂಬರಿಯ ಶಿಖರಗಳಲ್ಲಿ ಒಂದು. ೧೯೮೫ರಲ್ಲಿ, ಲೇಖಕರ ನಿಧನಾನಂತರ, ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಕೊನೆಯ ಮದಕರಿನಾಯಕ ಮತ್ತು ಹೈದರಾಲಿಯ ನಡುವಣ ಸಂಘರ್ಷ, ೧೭೭೯ರಲ್ಲಿ ದುರ್ಗದ ಪತನ ಇದರ ವಸ್ತು. ಬಸವಾಪಟ್ಟಣ, ಜಗಳೂರು ಸೀಮೆಗಳ ಓದುಗರಿಗೆ ಇದು ದೂರದ ಕಥೆಯಲ್ಲ. ತಮ್ಮ ಹಿರಿಯರ ಕಾಲದ ಸಂಕಟದ ಕಥೆ. ಕಾದಂಬರಿ ಒಬ್ಬ ನಾಯಕನ ದುರಂತವನ್ನು ಒಂದು ನೆಲದ ದುರಂತವಾಗಿ ಬೆಳೆಸುವ ರೀತಿ ಪ್ರಶಂಸಾರ್ಹ.

ಆದರೆ ದುರ್ಗ ಬಿದ್ದ ಮೇಲೆ ನಡೆದ ಸಂಗತಿಯೊಂದು ಕಾದಂಬರಿಯ ಚೌಕಟ್ಟಿನ ಆಚೆ ಉಳಿದಿದೆ. ವಿಲ್ಕ್ಸ್ ಮತ್ತು ಅವನನ್ನು ಅನುಸರಿಸಿ ರೈಸ್ ದಾಖಲಿಸುವ ಪ್ರಕಾರ, ಹೈದರಾಲಿ ಚಿತ್ರದುರ್ಗ ಸೀಮೆಯ ಸುಮಾರು ೨೦,೦೦೦ ಬೇಡ ಜನರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ. ಅವರಲ್ಲಿನ ಹುಡುಗರನ್ನು ಆಯ್ದು ‘ಚೇಲಾ’ ದಳಗಳನ್ನು ಕಟ್ಟಿದ. ಚೇಲಾ ಎಂದರೆ ಇಲ್ಲಿ ಶಿಷ್ಯನಲ್ಲ, ಒಡೆಯನಿಗೆ ಸೇರಿದ ಆಳು. ದಾಖಲೆ ಗಂಡುಮಕ್ಕಳ ಗತಿಯನ್ನು ಇಷ್ಟರಮಟ್ಟಿಗೆ ಹೇಳುತ್ತದೆ. ಅವರ ತಾಯಂದಿರ, ಅಕ್ಕತಂಗಿಯರ ಗತಿಯನ್ನು ಓದುಗನ ಊಹೆಗೆ ಬಿಡುತ್ತದೆ. ಇಪ್ಪತ್ತು ಸಾವಿರ ಜನರ ಈ ನಡಿಗೆ ಚಿತ್ರದುರ್ಗದ ಚರಿತ್ರೆಯಲ್ಲಿ ಪತನದಷ್ಟೇ ದೊಡ್ಡ ಘಟನೆ. ಆದರೆ ‘ಅಸ್ತಮಾನ’ ಎಂಬ ರೂಪಕವೇ ಅದನ್ನು ಹೊರಗಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಕಥೆ ಮುಗಿಯಬೇಕು. ಕತ್ತಲೆಯಲ್ಲಿ ನಡೆದವರ ಕಥೆಗೆ ಬೇರೊಂದು ಕಾದಂಬರಿ ಬೇಕು.

ದುರ್ಗದ ಜನಮನದಲ್ಲಿ ಅಚ್ಚಳಿಯದೆ ನಿಂತ ಹೆಣ್ಣು ಒನಕೆ ಓಬವ್ವ. ಆಕೆ ಅರಮನೆಯವಳಲ್ಲ, ಕಾವಲುಗಾರನ ಹೆಂಡತಿ. ಆಕೆಯ ಆಯುಧ ಅಡುಗೆಮನೆಯದು. ಈ ನೆನಪು ಬೆಲೆಯುಳ್ಳದ್ದು. ಆದರೂ ಓಬವ್ವ ನೆನಪಾಗಿ ಉಳಿದದ್ದು ವೀರಗಲ್ಲಿನ ತರ್ಕದಿಂದಲೇ. ಕೋಟೆಗಾಗಿ ಹೋರಾಡಿ ಸತ್ತವಳೆಂಬ ಕಾರಣದಿಂದ. ಸಾಯದೆ ಸೆರೆಯಾಗಿ, ಪರರ ಮನೆಯಲ್ಲಿ ದುಡಿದು, ಅಲ್ಲಿಯೇ ಮಕ್ಕಳನ್ನು ಹೆತ್ತು ಬದುಕಿದವಳಿಗೆ ನಮ್ಮ ಐತಿಹಾಸಿಕ ಕಲ್ಪನೆಯಲ್ಲಿ ಸ್ಥಾನವಿಲ್ಲ. ಮಾನವೆಂಬ ಮೌಲ್ಯ ಅವಳನ್ನು ಮರೆಯುವುದೇ ಲೇಸೆಂದು ಹೇಳುತ್ತದೆ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (೧೯೫೬) ಈ ದೃಷ್ಟಿಯಿಂದ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ೧೮೩೪ರಲ್ಲಿ ಕೊಡಗು ಬ್ರಿಟಿಷರ ವಶವಾದ ಸಂದರ್ಭದ ಈ ಕಥೆಯಲ್ಲಿ ಅರಮನೆಯ ಕುಂಟಬಸವ ಅರಸನ ಊಳಿಗದವನು, ಅವನ ಪಾಪಗಳ ಸಾಧನ. ಅವನು ಲಿಂಗರಾಜನಿಂದ ವಂಚಿತಳಾದ ಹೆಣ್ಣಿನ ಮಗ, ಅಂದರೆ ಅರಸನ ಅಣ್ಣ ಎಂಬುದು ಕ್ರಮೇಣ ಬಯಲಾಗುತ್ತದೆ. ಒಡೆಯ ಮತ್ತು ಆಳು ಒಂದೇ ರಕ್ತದವರೆಂಬ ಈ ರಹಸ್ಯ ಜಗತ್ತಿನ ದಾಸ್ಯಸಾಹಿತ್ಯದಲ್ಲೆಲ್ಲ ಕಾಣುವ ವಸ್ತು. ಲೆಕ್ಕಕ್ಕಿಲ್ಲದ ಹೆಣ್ಣಿನ ಲೆಕ್ಕಕ್ಕಿಲ್ಲದ ಮಗನಿಂದ ಸಿಂಹಾಸನ ಕುಸಿಯಲು ನೆರವಾಗುತ್ತದೆಂಬ ಮಾಸ್ತಿಯವರ ಒಳನೋಟ ಆಳವಾದದ್ದು. ಆದರೂ ಅವರ ನೋಟ ಅರಸೊತ್ತಿಗೆಯ ನೈತಿಕ ಪತನದ ಮೇಲೆ ನೆಟ್ಟಿದೆ. ಭಗವತಿ ತನ್ನ ಬದುಕಿನ ಬಲದಿಂದಲ್ಲ, ಅರಮನೆಯ ವಿನಾಶದ ಕಾರಣವಾಗಿ ಮುಖ್ಯಳಾಗುತ್ತಾಳೆ.

೫

ದಾಸ್ಯದ ಕಾದಂಬರಿ ಕನ್ನಡದಲ್ಲಿ ಏಕೆ ಅರಮನೆಯ ಸುತ್ತ ಹುಟ್ಟಲಾರದು ಎಂಬುದಕ್ಕೆ ಒಂದು ಚಾರಿತ್ರಿಕ ಕಾರಣವಿದೆ. ೧೯ನೆಯ ಶತಮಾನದ ಹೊತ್ತಿಗೆ ಈ ನಾಡಿನಲ್ಲಿ ದಾಸ್ಯದ ಮುಖ್ಯ ನೆಲೆ ಅರಮನೆಯಾಗಿರಲಿಲ್ಲ, ಗದ್ದೆಯಾಗಿತ್ತು. ಮಲೆನಾಡಿನಲ್ಲಿ ‘ಹುಟ್ಟಾಳು’, ‘ಮಣ್ಣಾಳು’ ಎಂಬ ಎರಡು ಪದಗಳು ಬಳಕೆಯಲ್ಲಿದ್ದವು. ಒಡೆಯನ ಮನೆತನಕ್ಕೆ ಹುಟ್ಟಿನಿಂದ ಸೇರಿದವನು ಹುಟ್ಟಾಳು; ನೆಲದೊಂದಿಗೆ ಕೈಬದಲಾಗುವವನು ಮಣ್ಣಾಳು. ಅಸ್ಪೃಶ್ಯ ಸಮುದಾಯಗಳಿಗೆ ಸೇರಿದ ಈ ಜನಕ್ಕೆ ಜಾತಿ ಮತ್ತು ದಾಸ್ಯ ಬೇರೆಬೇರೆ ಸಂಕೋಲೆಗಳಾಗಿರಲಿಲ್ಲ. ೧೮೦೦-೦೧ರಲ್ಲಿ ದಕ್ಷಿಣ ಭಾರತವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕರಾವಳಿ ಸೀಮೆಗಳ ದಾಸರನ್ನು ಕುರಿತು ಬರೆದಿದ್ದಾನೆ. ಮಲಬಾರಿನಲ್ಲಿ ಅವರನ್ನು ಮಾರುವ, ಅಡವಿಡುವ, ಬಾಡಿಗೆಗೆ ಕೊಡುವ ಮೂರು ಪದ್ಧತಿಗಳನ್ನು ಅವನು ಗುರುತಿಸುತ್ತಾನೆ.

ಇಂಥ ವ್ಯವಸ್ಥೆಯ ರದ್ದತಿ ಹೇಗೆ ನಡೆಯಿತು? ಬ್ರಿಟಿಷ್ ಸಾಮ್ರಾಜ್ಯದಲ್ಲಿ ದಾಸ್ಯವನ್ನು ತೊಡೆದುಹಾಕಿದ ೧೮೩೩ರ ಪ್ರಸಿದ್ಧ ಶಾಸನ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ತನ್ನ ವ್ಯಾಪ್ತಿಯಿಂದ ಕೈಬಿಟ್ಟಿತು. ಹತ್ತು ವರ್ಷಗಳ ಬಳಿಕ ಬಂದ ೧೮೪೩ರ ಐದನೆಯ ಕಾಯಿದೆ ಕಂಪನಿಯ ಪ್ರದೇಶಗಳಲ್ಲಿ ದಾಸ್ಯಕ್ಕಿದ್ದ ಕಾನೂನಿನ ಮಾನ್ಯತೆಯನ್ನು ಹಿಂದಕ್ಕೆ ಪಡೆಯಿತು. ಸರ್ಕಾರಿ ಬಾಕಿಗಾಗಿ ಮನುಷ್ಯರನ್ನು ಮಾರಕೂಡದು, ಒಡೆತನದ ಹಕ್ಕನ್ನು ನ್ಯಾಯಾಲಯ ಜಾರಿಗೊಳಿಸದು, ದಾಸನಾಗಿದ್ದನೆಂಬ ಕಾರಣಕ್ಕೆ ಯಾರ ಆಸ್ತಿಯನ್ನೂ ಕಸಿಯಕೂಡದು, ದಾಸನ ಮೇಲೆ ಎಸಗಿದ ಅಪರಾಧವೂ ಅಪರಾಧವೇ, ಇಷ್ಟು ಅದರ ಸಾರ. ಆದರೆ ಆಳನ್ನು ಇಟ್ಟುಕೊಂಡವನಿಗೆ ಅದು ಶಿಕ್ಷೆ ವಿಧಿಸಲಿಲ್ಲ. ಮನುಷ್ಯರನ್ನು ದಾಸರನ್ನಾಗಿ ಕೊಳ್ಳುವುದು, ಮಾರುವುದು ಅಪರಾಧವೆನಿಸಿದ್ದು ೧೮೬೨ರಲ್ಲಿ ಭಾರತೀಯ ದಂಡಸಂಹಿತೆ ಜಾರಿಗೆ ಬಂದ ಮೇಲೆ.

ಕಾದಂಬರಿಯ ದೃಷ್ಟಿಯಿಂದ ಈ ಕಾನೂನಿನ ಸ್ವರೂಪ ನಿರ್ಣಾಯಕವಾದದ್ದು. ಇಲ್ಲಿ ಬಿಡುಗಡೆಯ ದಿನವೆಂಬುದು ಇಲ್ಲ. ಡಂಗುರವಿಲ್ಲ, ಘೋಷಣೆಯಿಲ್ಲ, ಯುದ್ಧವಿಲ್ಲ. ಕಾನೂನು ದಾಸ್ಯದಿಂದ ತನ್ನ ಕೈ ತೊಳೆದುಕೊಂಡಿತು. ಆಳಿನ ಕೈ ಹಿಡಿಯಲಿಲ್ಲ. ಒಡೆಯನ ಹಕ್ಕಿನ ಸ್ಥಾನವನ್ನು ಸಾಲದ ಪತ್ರ ಆಕ್ರಮಿಸಿತು. ಹಳೆಯ ದಾಸ್ಯ ಜೀತವೆಂಬ ಹೆಸರಿನಲ್ಲಿ ಮುಂದುವರಿದು, ೧೯೭೫ರ ಅಕ್ಟೋಬರಿನ ಸುಗ್ರೀವಾಜ್ಞೆ ಮತ್ತು ೧೯೭೬ರ ಜೀತಪದ್ಧತಿ ರದ್ದತಿ ಕಾಯಿದೆಯವರೆಗೆ, ಕೆಲವೆಡೆ ಅದರ ಬಳಿಕವೂ, ಉಳಿಯಿತು. ಬಿಡುಗಡೆಯ ಘಟನೆಯೇ ಇಲ್ಲದ ಚರಿತ್ರೆಯಿಂದ ಬಿಡುಗಡೆಯ ಐತಿಹಾಸಿಕ ಕಾದಂಬರಿ ಹುಟ್ಟುವುದು ಕಷ್ಟ. ಹುಟ್ಟಬಹುದಾದದ್ದು ಸಾಲದ ಕಾದಂಬರಿ ಮತ್ತು ಓಟದ ಕಾದಂಬರಿ. ಕನ್ನಡದಲ್ಲಿ ಹುಟ್ಟಿದ್ದೂ ಇವೆರಡೇ.

೬

ಸಾಲದ ಕಾದಂಬರಿ ‘ಚೋಮನ ದುಡಿ’. ಸ್ವಂತ ಬೇಸಾಯ ಮಾಡಬೇಕೆಂಬ ಚೋಮನ ಆಸೆ, ಅವನ ಜಾತಿಗೆ ಆ ಹಕ್ಕನ್ನು ನಿರಾಕರಿಸುವ ಸಮಾಜ, ಅವನ ದುಡಿಯ ನಾದ, ಇವುಗಳನ್ನು ಕುರಿತು ವಿಮರ್ಶೆ ಸಾಕಷ್ಟು ಹೇಳಿದೆ. ಆದರೆ ಕಥೆಯ ಯಂತ್ರವನ್ನು ನಡೆಸುವುದು ಕಾಫಿ ತೋಟದ ಸಾಲ. ಚೋಮನ ಊರು ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ್ದು. ೧೮೪೩ರ ಕಾಯಿದೆ ಅಲ್ಲಿ ಜಾರಿಯಾಗಿ ತೊಂಬತ್ತು ವರ್ಷಗಳಾದ ಮೇಲೆ ಕಾದಂಬರಿ ಪ್ರಕಟವಾಯಿತು. ಚೋಮನನ್ನು ಯಾರೂ ಕೊಂಡಿಲ್ಲ, ಯಾರೂ ಮಾರುವಂತಿಲ್ಲ. ಆದರೂ ಅವನ ಮಕ್ಕಳು ಒಬ್ಬೊಬ್ಬರಾಗಿ ಘಟ್ಟದ ತೋಟಕ್ಕೆ ಹೋಗಬೇಕಾಗುತ್ತದೆ.

ಅವರಲ್ಲಿ ಬೆಳ್ಳಿಯ ಪಾಲು ವಿಶಿಷ್ಟವಾದದ್ದು. ಮಗ ಚನಿಯ ಜ್ವರಕ್ಕೆ ಬಲಿಯಾಗುತ್ತಾನೆ, ಗುರುವ ಮತಾಂತರಗೊಂಡು ಹೊರಟುಹೋಗುತ್ತಾನೆ. ಸಾಲ ಹಾಗೆಯೇ ಉಳಿಯುತ್ತದೆ. ಬೆಳ್ಳಿ ತೋಟಕ್ಕೆ ಹೋದ ಮೇಲೆ ಸಾಲ ಮನ್ನಾ ಆಗುತ್ತದೆ. ಗಂಡಿನ ದುಡಿಮೆಯಿಂದ ತೀರದ ಲೆಕ್ಕ ಹೆಣ್ಣಿನ ದೇಹದಿಂದ ತೀರುತ್ತದೆ. ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆಯಲಾಗದ ಬಾಬತ್ತಿನಿಂದ ಲೆಕ್ಕದ ಪುಸ್ತಕ ಮುಚ್ಚುತ್ತದೆ. ಕಾರಂತರು ಇದನ್ನು ಭಾಷಣವಿಲ್ಲದೆ, ಹೆಚ್ಚು ಮಾತಿಲ್ಲದೆ ಹೇಳುತ್ತಾರೆ. ಜೀತದ ಆರ್ಥಿಕತೆಯೊಳಗೆ ಹೆಣ್ಣಿನ ಲೈಂಗಿಕ ಶೋಷಣೆ ಆಕಸ್ಮಿಕ ಅನ್ಯಾಯವಲ್ಲ, ಆ ವ್ಯವಸ್ಥೆಯ ಗುಪ್ತ ನಾಣ್ಯ ಎಂಬ ಸತ್ಯ ಇಲ್ಲಿದೆ. ಬಿ.ವಿ. ಕಾರಂತರು ಈ ಕೃತಿಯನ್ನು ಚಲನಚಿತ್ರವಾಗಿಸಿದ್ದು ೧೯೭೫ರಲ್ಲಿ. ಜೀತದ ರದ್ದತಿಯ ಸುಗ್ರೀವಾಜ್ಞೆಯೂ ಅದೇ ವರ್ಷದ್ದೆಂಬುದು ಕಾದಂಬರಿಯ ವಸ್ತು ನಾಲ್ಕು ದಶಕಗಳ ಬಳಿಕವೂ ಹಳತಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ.

ಆದರೆ ಕೊನೆಯಲ್ಲಿ ಕಾದಂಬರಿ ಚೋಮನದಾಗಿಯೇ ಉಳಿಯುತ್ತದೆ. ಬೆಳ್ಳಿಯ ಕೃತ್ಯವನ್ನು ಕಂಡ ತಂದೆಯ ಆಘಾತ, ಅವನ ಕ್ರೋಧ, ಅವನ ಸಾವು ಕೃತಿಯ ಅಂತ್ಯವನ್ನು ತುಂಬುತ್ತವೆ. ತೋಟದಿಂದ ಮನೆಯ ಋಣವನ್ನು ತೀರಿಸಿ ಬಂದ ಮಗಳು ತಂದೆಯ ಮಾನದ ಮುಂದೆ ಅಪರಾಧಿಯಾಗುತ್ತಾಳೆ. ದಾಸ್ಯ ಹೆಣ್ಣನ್ನು ಎರಡು ಬಾರಿ ಶಿಕ್ಷಿಸುತ್ತದೆಂಬುದನ್ನು ಕೃತಿ ತೋರಿಸುತ್ತದೆ. ಎರಡನೆಯ ಶಿಕ್ಷೆಯನ್ನು ಪ್ರಶ್ನಿಸುವಷ್ಟು ದೂರ ಹೋಗುವುದಿಲ್ಲ.

೭

ಓಟದ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’. ೧೯೬೦ರ ದಶಕದಲ್ಲಿ ರಚಿತವಾದ ಈ ಕೃತಿಯ ಕಥಾಕಾಲ ೧೯ನೆಯ ಶತಮಾನದ ಕೊನೆಯ ದಶಕ. ಸ್ವಾಮಿ ವಿವೇಕಾನಂದರು ೧೮೯೩ರಲ್ಲಿ ಚಿಕಾಗೊದಲ್ಲಿ ಮಾತನಾಡಿದ ಸಂಗತಿ ಕಾದಂಬರಿಯ ಒಳಗೆ ಬಂದು ಕಾಲವನ್ನು ಗುರುತಿಸುತ್ತದೆ. ತೀರ್ಥಹಳ್ಳಿ ಸೀಮೆಯ ಒಂದು ತಲೆಮಾರಿನ ಹಿಂದಿನ ಸಮಾಜವನ್ನು ಅದರ ಉಡುಗೆ, ಊಟ, ಜೀತ, ಮದುವೆ, ದೈವ, ಮಿಷನರಿಗಳೊಂದಿಗೆ ಮರುಸೃಷ್ಟಿಸುವ ಕೃತಿ ಯಾವ ಅರ್ಥದಲ್ಲಿ ಐತಿಹಾಸಿಕ ಕಾದಂಬರಿಯಲ್ಲ? ಅದರಲ್ಲಿ ಅರಸನಿಲ್ಲ ಎಂಬುದೊಂದೇ ಆಕ್ಷೇಪವಾದರೆ, ಆ ಆಕ್ಷೇಪ ನಮ್ಮ ವರ್ಗೀಕರಣದ ದೋಷವನ್ನು ತೋರಿಸುತ್ತದೆಯೇ ಹೊರತು ಕೃತಿಯ ಸ್ವರೂಪವನ್ನಲ್ಲ.

ಕಾದಂಬರಿ ಆರಂಭವಾಗುವುದು ಸಿಂಬಾವಿಯ ಭರಮೈಹೆಗ್ಗಡೆಯವರ ಜೀತದಾಳು ಗುತ್ತಿಯಿಂದ. ಅವನ ಜೊತೆಯಲ್ಲಿ ಹುಲಿಯನೆಂಬ ನಾಯಿ. ಒಡೆಯನ ಕೆಲಸದ ಮೇಲೆ ಹೊರಟವನಿಗೆ ತನ್ನದೇ ಆದ ಒಂದು ಉದ್ದೇಶವೂ ಇದೆ: ಬೆಟ್ಟಳ್ಳಿಯ ಕೇರಿಯ ತಿಮ್ಮಿಯನ್ನು ಮದುವೆಯಾಗುವುದು. ಆದರೆ ತಿಮ್ಮಿ ಬೆಟ್ಟಳ್ಳಿ ಕಲ್ಲೇಗೌಡರ ಆಳುಮಗಳು. ಗೌಡರು ಅವಳನ್ನು ತಮ್ಮ ಆಳು ಬಚ್ಚನಿಗೆ ಕೊಡಿಸಲು ನಿಶ್ಚಯಿಸಿದ್ದಾರೆ. ಇಬ್ಬರ ಪ್ರೀತಿಗೆ ಅಡ್ಡಿಯಾ‌ಗಿರುವುದು ಜಾತಿಯಲ್ಲ, ಕುಲವಲ್ಲ, ಹಿರಿಯರ ಹಗೆಯೂ ಅಲ್ಲ. ಇಬ್ಬರ ಒಡೆಯರು ಬೇರೆಬೇರೆ ಎಂಬುದು.

ದಾಸ್ಯದ ಅಂತರಂಗ ಇಲ್ಲಿದೆ. ಆಳಿನ ಹೆಣ್ಣು ಗಂಡನನ್ನು ಸೇರಿ ಬೇರೊಂದು ಹಟ್ಟಿಗೆ ಹೋದರೆ ಒಡೆಯ ಒಂದು ಜೊತೆ ಕೈಯನ್ನು ಮಾತ್ರ ಕಳೆದುಕೊಳ್ಳುವುದಿಲ್ಲ. ಅವಳ ಹೊಟ್ಟೆಯಲ್ಲಿ ಹುಟ್ಟಲಿರುವ ಹುಟ್ಟಾಳುಗಳನ್ನೂ ಕಳೆದುಕೊಳ್ಳುತ್ತಾನೆ. ಆದ್ದರಿಂದ ಆಳುಮಗಳ ಮದುವೆ ಒಡೆಯನ ಆಸ್ತಿಯ ಪ್ರಶ್ನೆ. ಜಮೀನ್ದಾರಿಕೆಯ ಚರಿತ್ರೆಕಾರರು ಗದ್ದೆಯ ಅಳತೆ, ಕಂದಾಯ, ಗೇಣಿಗಳ ಮೂಲಕ ವಿವರಿಸುವ ವ್ಯವಸ್ಥೆಯನ್ನು ಕುವೆಂಪು ಒಂದು ಮದುವೆಯ ಮೂಲಕ ಕಾಣಿಸುತ್ತಾರೆ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋದಾಗ ಅದು ಪ್ರಣಯದ ಸಾಹಸವಷ್ಟೇ ಆಗುವುದಿಲ್ಲ, ಒಡೆತನದ ಮೇಲಿನ ದಾಳಿಯಾಗುತ್ತದೆ. ವೀರಗಲ್ಲುಗಳ ಕಾಲದ ಪೆಣ್ಬುಯ್ಯಲಿಗೂ ಇದಕ್ಕೂ ಹೊರನೋಟಕ್ಕೆ ಸಾಮ್ಯವಿದೆ. ಎರಡರಲ್ಲಿಯೂ ಹೆಣ್ಣನ್ನು ಒಯ್ಯಲಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಹೆಣ್ಣು ಕೂಗುವುದಿಲ್ಲ, ನಡೆಯುತ್ತಾಳೆ. ಕತ್ತಲ ಕಾಡಿನೊಳಗೆ ತನ್ನ ಕಾಲಿನಿಂದ ತಾನೇ ನಡೆಯುವ ತಿಮ್ಮಿ ಸಾವಿರ ವರ್ಷಗಳ ಆ ಹಳೆಯ ಪದವನ್ನು ತಿರುವುಮುರುವು ಮಾಡುತ್ತಾಳೆ.

ಕಾದಂಬರಿಯ ಇನ್ನೊಂದು ದೊಡ್ಡ ಸಾಧನೆ ತಿಮ್ಮಿಯ ಓಟವನ್ನು ಹೂವಳ್ಳಿಯ ಚಿನ್ನಮ್ಮನ ಓಟದ ಪಕ್ಕದಲ್ಲಿ ಇರಿಸಿರುವುದು. ಒಕ್ಕಲು ಮನೆತನದ ಚಿನ್ನಮ್ಮನನ್ನು ವಯಸ್ಸಾದ ಭರಮೈಹೆಗ್ಗಡೆಗೆ ಕೊಡಲು ಅವಳ ತಂದೆ ವೆಂಕಟಣ್ಣ ಒಪ್ಪಿಕೊಂಡಿದ್ದಾನೆ. ಅವಳು ಮದುವೆಯ ಮನೆಯಿಂದ ಹೊರಬಿದ್ದು ಕಾಡನ್ನು ಹಾದು ತಾನು ಒಲಿದ ಮುಕುಂದಯ್ಯನನ್ನು ಸೇರುತ್ತಾಳೆ. ಅದೇ ಮನೆಯ ವಿಧವೆ ನಾಗಕ್ಕ ಅತ್ತೆಯ ಒತ್ತಾಯದಿಂದ ಬೇಡದ ಕೂಡಿಕೆಗೆ ದೂಡಲ್ಪಟ್ಟವಳು. ಅಂತಕ್ಕನ ಮಗಳು ಕಾವೇರಿಯ ದುರಂತ, ಘಟ್ಟದ ಕೆಳಗಿನಿಂದ ಬಂದ ಕೂಲಿಗಳ ನಡುವೆ ದೇಯಿ ಮತ್ತು ಅಕ್ಕಣಿಯರ ಪಾಡು, ಇವೆಲ್ಲವೂ ಸೇರಿ ಒಂದು ಸಮಗ್ರ ಚಿತ್ರವಾಗುತ್ತದೆ. ಒಡತಿಯ ಮನೆಯ ಹೆಣ್ಣೂ ಆಳಿನ ಹಟ್ಟಿಯ ಹೆಣ್ಣೂ ಒಂದೇ ಬಗೆಯಲ್ಲಿ ಅಸ್ವತಂತ್ರರು ಎಂದು ಕಾದಂಬರಿ ಹೇಳುವುದಿಲ್ಲ. ಚಿನ್ನಮ್ಮನಿಗೆ ಮರಳಲು ಮನೆಯಿದೆ, ಕಾಯಲು ಮುಕುಂದಯ್ಯನಿದ್ದಾನೆ, ಅವಳ ಓಟ ಕೊನೆಗೆ ಮದುವೆಯಾಗಿ ಮಾನ್ಯವಾಗುತ್ತದೆ. ತಿಮ್ಮಿಯ ಓಟ ಮಾತ್ರ ನಿಲ್ಲುವುದಿಲ್ಲ. ಶೀರ್ಷಿಕೆಯ ‘ಮದುಮಗಳು’ ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲದಿರುವುದರ ಅರ್ಥ ಈ ವ್ಯತ್ಯಾಸದಲ್ಲಿದೆ.

ಕಾದಂಬರಿಯ ಕೊನೆಯಲ್ಲಿ ತುಂಬಿ ಹರಿಯುವ ತುಂಗೆಯನ್ನು ದಾಟುವ ಸನ್ನಿವೇಶವಿದೆ. ಗುತ್ತಿಯ ಸಂಗಾತಿ ಹುಲಿಯ ಪ್ರವಾಹದ ಪಾಲಾಗುತ್ತದೆ. ಈ ಭಾಗವನ್ನು ಅಮೆರಿಕದ ದಾಸ್ಯಸಾಹಿತ್ಯದ ಓಹಾಯೊ ನದಿಯ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಹ್ಯಾರಿಯಟ್ ಬೀಚರ್ ಸ್ಟೋವ್ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ (೧೮೫೨) ಕಾದಂಬರಿಯ ಎಲೈಜಾ ಮಗುವನ್ನೆತ್ತಿಕೊಂಡು ಮಂಜುಗಡ್ಡೆಗಳ ಮೇಲೆ ಆ ನದಿಯನ್ನು ದಾಟುತ್ತಾಳೆ. ಟೋನಿ ಮಾರಿಸನ್ ಅವರ ‘ಬಿಲವೆಡ್’ (೧೯೮೭) ಕಾದಂಬರಿಯ ಸೆಥೆ ದಾರಿಯಲ್ಲಿ ಹೆತ್ತ ಹಸುಗೂಸಿನೊಂದಿಗೆ ಅದೇ ನದಿಯನ್ನು ದಾಟಿ ಬರುತ್ತಾಳೆ. ಓಹಾಯೊ ನದಿಯ ಎರಡು ದಡಗಳಲ್ಲಿ ಎರಡು ಕಾನೂನುಗಳಿದ್ದವು. ೧೮೫೦ರ ಕಾಯಿದೆ ಓಡಿಹೋದವರನ್ನು ಹಿಡಿದು ತರಲು ಒಡೆಯರಿಗೆ ಅವಕಾಶ ಕೊಟ್ಟಿದ್ದರೂ ಆಚೆಯ ದಡ ಒಂದು ಭರವಸೆಯಾಗಿತ್ತು. ತುಂಗೆಯ ಎರಡು ದಡಗಳಲ್ಲಿ ಅಂಥ ಭೇದವಿಲ್ಲ. ಆಚೆಯ ದಡದಲ್ಲಿಯೂ ಒಬ್ಬ ಗೌಡ, ಒಂದು ಹಟ್ಟಿ, ಒಂದು ಜೀತ. ಗುತ್ತಿ ಮತ್ತು ತಿಮ್ಮಿ ದಾಟುವುದು ದಾಸ್ಯದಿಂದ ಸ್ವಾತಂತ್ರ್ಯಕ್ಕಲ್ಲ, ಒಬ್ಬ ಒಡೆಯನಿಂದ ಇನ್ನೊಬ್ಬ ಒಡೆಯನ ಕಡೆಗೆ. ಆದರೆ ದಾಟುವಾಗ ಅವರು ಒಟ್ಟಿಗಿದ್ದಾರೆ. ಜೊತೆಯಲ್ಲಿರುವವರು ಯಾರೆಂಬುದನ್ನು ಒಡೆಯನ ಬದಲಿಗೆ ತಾವೇ ನಿರ್ಧರಿಸಿದ್ದಾರೆ. ಬಿಡುಗಡೆಯ ದಿನವೇ ಇಲ್ಲದ ಚರಿತ್ರೆಯಲ್ಲಿ ಬಿಡುಗಡೆ ಎಷ್ಟು ಗಾತ್ರದ್ದಾಗಿರಬಲ್ಲದೋ ಅಷ್ಟೇ ಗಾತ್ರದ್ದನ್ನು ಕುವೆಂಪು ಕೊಟ್ಟಿದ್ದಾರೆ. ಅದಕ್ಕಿಂತ ಹೆಚ್ಚಿನದನ್ನು ಕೊಟ್ಟಿದ್ದರೆ ಕೃತಿ ಹಿತವಾಗುತ್ತಿತ್ತು, ಸತ್ಯವಾಗುತ್ತಿರಲಿಲ್ಲ.

೮

ಇಷ್ಟು ಹೇಳಿದ ಮೇಲೆ ಈ ಕಾದಂಬರಿಯ ಮಿತಿಯನ್ನೂ ಗುರುತಿಸಬೇಕು. ಕುವೆಂಪು ಅವರಿಗೆ ಎಲ್ಲ ಜೀವಗಳ ಬಗೆಗೆ ಸಮಾನವಾದ ಗೌರವವಿದೆ. ನಾಯಿಯ ಸಾವಿಗೂ ಅವರ ಕಾದಂಬರಿಯಲ್ಲಿ ಮಹಾಕಾವ್ಯದ ಘನತೆ ದೊರೆಯುತ್ತದೆ. ಆದರೆ ಚಿನ್ನಮ್ಮನ ಅಂತರಂಗಕ್ಕೆ ದೊರೆತ ಅವಕಾಶ ತಿಮ್ಮಿಯ ಅಂತರಂಗಕ್ಕೆ ದೊರೆತಿಲ್ಲ. ಚಿನ್ನಮ್ಮನ ಭಯ, ಭಕ್ತಿ, ಪ್ರೇಮಗಳಿಗೆ ಆಧ್ಯಾತ್ಮಿಕ ಪ್ರಭೆಯೊಂದು ಲಭಿಸುತ್ತದೆ. ತಿಮ್ಮಿಯ ಚೇತನ ಬಹುಮಟ್ಟಿಗೆ ದೇಹದ, ದುಡಿಮೆಯ, ನಗುವಿನ ನೆಲೆಯಲ್ಲಿ ನಿಲ್ಲುತ್ತದೆ. ಕಾರಂತರ ಬೆಳ್ಳಿಯ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು. ಒಡೆಯರ ಸಮುದಾಯಗಳಿಂದ ಬಂದ ಇಬ್ಬರು ದೊಡ್ಡ ಲೇಖಕರು ತಮ್ಮ ಸಹಾನುಭೂತಿಯ ಕೊನೆಯ ಅಂಚಿನವರೆಗೂ ಹೋಗಿ ನಿಂತ ಜಾಗ ಇದು. ಅಲ್ಲಿಂದ ಮುಂದಿನ ದಾರಿ ಸಹಾನುಭೂತಿಯದಲ್ಲ, ಸ್ವಾನುಭವದ್ದು ಮತ್ತು ಸಂಶೋಧನೆಯದು. ದೇವನೂರ ಮಹಾದೇವರ ಬರವಣಿಗೆಯಿಂದ ಮೊದಲ್ಗೊಂಡು ದಲಿತ ಮತ್ತು ಮಹಿಳಾ ಸಾಹಿತ್ಯ ಆ ದಾರಿಯಲ್ಲಿ ಹೊರಟದ್ದು ನಿಜ. ಆದರೆ ಅದು ತನ್ನ ಕಾಲವನ್ನೂ ತನ್ನ ನೆನಪನ್ನೂ ಬರೆಯುವುದರಲ್ಲಿ ಹೆಚ್ಚು ತೊಡಗಿತು. ದೂರದ ಚರಿತ್ರೆಯನ್ನು ಬಹುಮಟ್ಟಿಗೆ ಕೋಟೆಯ ಕಾದಂಬರಿಕಾರರಿಗೇ ಬಿಟ್ಟುಕೊಟ್ಟಿತು.

ಹೀಗೆ ಬಿಟ್ಟುಕೊಡುವುದರಿಂದ ಆಗುವ ನಷ್ಟ ಸಾಹಿತ್ಯಕ್ಕೆ ಮಾತ್ರ ಸೀಮಿತವಲ್ಲ. ಬಸವಾಪಟ್ಟಣದ ಕೋಟೆಯನ್ನು ನೋಡಲು ಹೋಗುವ ವಿದ್ಯಾರ್ಥಿಗೆ ಪಾಳೆಯಗಾರನ ಹೆಸರು ತಿಳಿಯುತ್ತದೆ, ದಾಳಿಯಿಟ್ಟ ಸೇನಾನಿಯ ಹೆಸರು ತಿಳಿಯುತ್ತದೆ. ಆ ಕೋಟೆಗೆ ಕಲ್ಲು ಹೊತ್ತವರು, ಕೋಟೆ ಬಿದ್ದಾಗ ಒಯ್ಯಲ್ಪಟ್ಟವರು, ಒಯ್ದವರ ಮನೆಯಲ್ಲಿ ರಾಗಿ ಬೀಸಿದವರು ತನ್ನ ಪೂರ್ವಜರೂ ಆಗಿರಬಹುದೆಂಬ ಅರಿವು ಅವನಿಗೆ ಬರುವುದಿಲ್ಲ. ಪೂರ್ವಜರೆಂದರೆ ಗೆದ್ದವರು ಅಥವಾ ವೀರಮರಣ ಪಡೆದವರು ಎಂಬ ಗ್ರಹಿಕೆಯಿಂದ ಬೆಳೆದ ಸಮಾಜ ತನ್ನ ನಡುವೆ ಇಂದಿಗೂ ಉಳಿದಿರುವ ಜೀತವನ್ನು ಕಂಡೂ ಕಾಣದಂತಿರುತ್ತದೆ.

ಸಾಮಗ್ರಿಯ ಕೊರತೆಯೆಂಬ ನೆಪ ಇಲ್ಲಿ ಸಲ್ಲದು. ಹೊನ್ನಾಳಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳ ವೀರಗಲ್ಲುಗಳು ಇವೆ. ಚಿತ್ರದುರ್ಗದಿಂದ ಶ್ರೀರಂಗಪಟ್ಟಣಕ್ಕೆ ನಡೆದ ಇಪ್ಪತ್ತು ಸಾವಿರ ಜನರ ದಾಖಲೆಯಿದೆ. ೧೮೪೩ರ ಕಾಯಿದೆಯ ಸುತ್ತಣ ಸರ್ಕಾರಿ ವರದಿಗಳಿವೆ, ಮಿಷನ್ನುಗಳ ಕಾಗದಗಳಿವೆ, ಕೇರಿಗಳ ಹೆಣ್ಣುಮಕ್ಕಳ ಬಾಯಲ್ಲಿ ಬೀಸುವ, ನೆಡುವ ಹಾಡುಗಳಿವೆ. ಇವನ್ನು ಕೂಡಿಸಿ ನೋಡುವ ಸಂಶೋಧಕನೂ ಆ ನೋಟಕ್ಕೆ ರೂಪಕೊಡುವ ಕಾದಂಬರಿಕಾರ್ತಿಯೂ ಬೇಕಾಗಿದ್ದಾರೆ. ಕಾರಂತರು ಸಾಲದ ಲೆಕ್ಕವನ್ನು ತೋರಿಸಿದರು, ಕುವೆಂಪು ಓಟದ ದಾರಿಯನ್ನು ತೋರಿಸಿದರು. ಪೆಣ್ಬುಯ್ಯಲ್ ಎಂಬ ಪದದೊಳಗೆ ಸಾವಿರ ವರ್ಷಗಳಿಂದ ಉಳಿದುಬಂದಿರುವ ಆ ಕೂಗಿಗೆ ಒಂದು ಹೆಸರನ್ನೂ ಒಂದು ಬದುಕನ್ನೂ ಕೊಡುವ ಐತಿಹಾಸಿಕ ಕಾದಂಬರಿಯನ್ನು ಕನ್ನಡ ಇನ್ನು ಬರೆಯಬೇಕಾಗಿದೆ.